ಒಂದೇ ಕಾರಿನಲ್ಲಿ ಗಡಿ ದಾಟುವವರು

ತನ್ನನ್ನು ತಾನು ಗೆದ್ದು ಲೋಕದ ಜೀವಿಗಳಿಗೆಲ್ಲ ಅಭಯವಿತ್ತ ಜಿನೇಶ್ವರನ ಅಡಿಗಳಿಗೆ ಮೊದಲ ನಮಸ್ಕಾರ. ನನ್ನ ಕೈಹಿಡಿದು ಅಕ್ಷರ ತಿದ್ದಿಸಿದ ಗುರುಗಳಿಗೆ ಎರಡನೆಯದು. ಮೂರನೆಯದನ್ನು ಕುವೈತ್ ಎಂಬ ಮರಳಿನ ನಾಡಿಗೆ ಸಲ್ಲಿಸುತ್ತೇನೆ. ಆ ನೆಲದಲ್ಲಿ ನನ್ನ ಹಿರಿಯರು ಯಾರೂ ಕಾಲಿಟ್ಟವರಲ್ಲ. ಅಲ್ಲಿನ ಭಾಷೆ ನನಗೆ ತಿಳಿಯದು. ಆದರೂ ಮೂರು ತಿಂಗಳ ಕಾಲ ಅದು ನನಗೆ ನೀರು ಕೊಟ್ಟಿತು, ನೆರಳು ಕೊಟ್ಟಿತು, ಕೊನೆಗೆ ಒಬ್ಬಳು ಮೊಮ್ಮಗಳನ್ನೂ ಕೊಟ್ಟಿತು. ಹೇಳಹೊರಟಿರುವುದು ಅವಳ ಜನನದ ವೃತ್ತಾಂತ. ಆದರೆ ಒಂದು ದೇಶದಲ್ಲಿ ಮಲಗಿ ಇನ್ನೊಂದು ದೇಶದಲ್ಲಿ ದುಡಿಯುವವರ ಬಾಳುವೆಯನ್ನು ಹೇಳದೆ ಅದನ್ನು ಹೇಳಲು ಬರುವುದಿಲ್ಲ. ನಮ್ಮ ಕಡೆಯ ಯುವಕರು ಯಾರಾದರೂ ಇಂತಹ ಕೆಲಸಕ್ಕೆ ಹೊರಡುವುದಾದರೆ ನಾನು ಕಂಡುಕೇಳಿದ ಕೆಲವು ಸಂಗತಿಗಳು ಅವರಿಗೂ ಉಪಯೋಗಕ್ಕೆ ಬಂದಾವು.

ಮೈದಾನ್ ಹವಲ್ಲಿ

ನಾನು ಕಾರ್ಕಳದ ಸೀಮೆಯವನು. ಪಾಠಶಾಲೆಯಲ್ಲಿ ಸಂಸ್ಕೃತವನ್ನೂ ಹಳಗನ್ನಡವನ್ನೂ ಬೋಧಿಸಿ ನಿವೃತ್ತನಾದವನು. ಮಗಳು ಸುಮತಿ ಕುವೈತಿನ ಮೈದಾನ್ ಹವಲ್ಲಿಯ ಒಂದು ಶಾಲೆಯಲ್ಲಿ ಅಧ್ಯಾಪಿಕೆ. ಅಳಿಯ ಅಜಿತನಿಗೆ ದಕ್ಷಿಣದ ಗಡಿಯಾಚೆ, ಸೌದಿ ಅರೇಬಿಯದ ಖಫ್ಜಿ ಎಂಬ ಊರಿನಲ್ಲಿ, ಪಂಪುಗಳನ್ನು ದುರಸ್ತಿ ಮಾಡುವ ಕಾರ್ಯಾಗಾರದಲ್ಲಿ ಉದ್ಯೋಗ. ಬೆಳಕು ಹರಿಯುವ ಮೊದಲೇ ಮನೆ ಬಿಟ್ಟು, ಗಡಿ ದಾಟಿ, ದುಡಿದು, ಸಂಜೆ ಮತ್ತೆ ಗಡಿ ದಾಟಿ ಬರುವನು. ಮಂಗಳೂರಿನಿಂದ ಕಾಸರಗೋಡಿಗೆ ಕೆಲಸಕ್ಕೆ ಹೋಗಿಬರುವವರನ್ನು ನಾನು ಬಲ್ಲೆ. ಅವರ ಬಸ್ಸನ್ನು ತಡೆದು ಯಾರೂ ಮುಖ ನೋಡುವುದಿಲ್ಲ. ಇಲ್ಲಿಯ ಪ್ರಯಾಣದಲ್ಲಿ ದಿನಕ್ಕೆ ಗಡಿಠಾಣೆಗಳ ನಾಲ್ಕು ಕಿಟಕಿಗಳ ಮುಂದೆ ನಾಲ್ಕು ಬಾರಿ ಮುಖ ತೋರಿಸಬೇಕು.

ಮಗಳು ಬಸುರಿಯೆಂದು ನಾನು ಹೋಗಿದ್ದೆ. ನನ್ನ ಧರ್ಮಪತ್ನಿ ಕಾಲವಾಗಿ ಕೆಲವು ವರ್ಷಗಳಾಗಿದ್ದವು. ಬಾಣಂತನಕ್ಕೆ ಅಜಿತನ ತಾಯಿ ಬರುವವರಿದ್ದರು. ಅವರ ವೀಸಾ ತಡವಾಯಿತು. ಹೀಗಾಗಿ ಹೆರಿಗೆಯ ವಿಷಯದಲ್ಲಿ ಏನೂ ತಿಳಿಯದ ಮುದುಕನೊಬ್ಬ ಮಗಳಿಗೆ ಕಾವಲಾದಂತಾಯಿತು. ಸುಮತಿಗೆ ಇದು ಎರಡನೆಯ ಬಸಿರು. ಮೊದಲನೆಯದು ಏಳನೆಯ ತಿಂಗಳಿನಲ್ಲಿ ಉಳಿಯಲಿಲ್ಲ. ಆ ದಿನ ಅಜಿತ ಗಡಿಯಾಚೆ ಇದ್ದ. ಅವನು ಬಂದು ಮುಟ್ಟುವಾಗ ಎಲ್ಲವೂ ಮುಗಿದಿತ್ತು. ಅವಳು ಅದನ್ನು ನನ್ನೊಡನೆ ಒಮ್ಮೆ ಮಾತ್ರ ಎತ್ತಿದಳು, ಅಕ್ಕಿ ಆರಿಸುತ್ತ: "ಅಪ್ಪಾ, ಈ ಸಲ ಅವರು ಹತ್ತಿರ ಇದ್ರೆ ಸಾಕು. ಬೇರೆ ಎಂತದೂ ಕೇಳುವುದಿಲ್ಲ ನಾನು."

ಅದೇ ಮಹಡಿಯಲ್ಲಿ ಎದುರಿನ ಮನೆ ರಾಬರ್ಟನದು. ಶಿರ್ವದ ಕಡೆಯ ಕ್ರೈಸ್ತ, ಕೊಂಕಣಿ ಮನೆಮಾತಿನವನು. ಅಜಿತನ ಕಾರ್ಯಾಗಾರದಲ್ಲೇ ಕೆಲಸ. ಹೆಂಡತಿ ಲಿಲ್ಲಿ ಆಸ್ಪತ್ರೆಯೊಂದರಲ್ಲಿ ದಾದಿ. ಮೂರನೆಯವನು ಹಮೀದ್, ಉಳ್ಳಾಲದ ಬ್ಯಾರಿ ಮುಸಲ್ಮಾನ. ಈ ಮೂವರು ಒಂದೇ ಕಾರಿನಲ್ಲಿ ಗಡಿ ದಾಟುವವರು. ವಾರಕ್ಕೊಬ್ಬರ ಕಾರು, ಸರದಿಯ ಪ್ರಕಾರ. ಅವರಲ್ಲಿ ಒಂದು ಕಟ್ಟಳೆ ಇತ್ತು: ಒಟ್ಟಿಗೆ ಹೋದವರು ಒಟ್ಟಿಗೇ ಬರಬೇಕು. ಒಬ್ಬನನ್ನು ಕಿಟಕಿಯವರು ನಿಲ್ಲಿಸಿಕೊಂಡರೆ ಉಳಿದಿಬ್ಬರೂ ಕಾರಿನಿಂದಿಳಿದು ಕಾಯುವುದು.

ಲಿಲ್ಲಿಯ ಉಪಕಾರವನ್ನು ಇಲ್ಲಿಯೇ ನೆನೆಯಬೇಕು. ನಾನು ಈರುಳ್ಳಿ, ಬೆಳ್ಳುಳ್ಳಿ, ಗಡ್ಡೆಗೆಣಸು ಮುಟ್ಟದವನು. ಹೊತ್ತು ಮುಳುಗಿದ ಮೇಲೆ ಉಣ್ಣದವನು. ಇದನ್ನು ಕೇಳಿದ ಮರುದಿನವೇ ಆಕೆ ಹೊಸ ಪಾತ್ರೆಯೊಂದನ್ನು ತಂದು, "ಇದು ಪಂಡಿತರದ್ದು. ಇದರಲ್ಲಿ ಮೀನು ಗೀನು ಹಾಕಿದ್ರೆ ನೋಡಿ" ಎಂದು ಗಂಡನಿಗೆ ಬೆರಳೆತ್ತಿ ತೋರಿಸಿದಳು. "ಈ ಮನೆಯಲ್ಲಿ ನನಗೆ ಅಂತ ಒಂದು ಪಾತ್ರೆ ಇಲ್ಲ, ಗೊತ್ತುಂಟಾ ನಿಮ್ಗೆ?" ಎಂದು ರಾಬರ್ಟ್ ನನ್ನಲ್ಲಿ ದೂರಿಕೊಂಡ.

ರಾಯ್

ಒಂದು ಶುಕ್ರವಾರ ಅಜಿತನ ಕಾರಿನ ಚಕ್ರಗಳನ್ನು ತೋರಿಸಲು ಮೂವರೂ ರಾಯ್ ಎಂಬಲ್ಲಿಗೆ ಹೊರಟರು, ನನ್ನನ್ನೂ ಕರೆದೊಯ್ದರು. ಬೀದಿಯುದ್ದಕ್ಕೂ ವಾಹನಗಳ ಮಳಿಗೆ, ಹಿಂಬದಿಯಲ್ಲಿ ದುರಸ್ತಿಯ ಶೆಡ್ಡುಗಳು. ಇಷ್ಟೊಂದು ಜತನ ಏಕೆಂದು ಕೇಳಿದೆ.

"ಪಂಡಿತ್ರೇ, ಎರಡು ಗೇಟಿನ ನಡುವೆ ಒಂದು ತುಂಡು ಜಾಗ ಉಂಟು" ಎಂದ ಹಮೀದ್. "ಈ ಕಡೆಯವರು ಕಳಿಸಿ ಆಯ್ತು, ಆ ಕಡೆಯವರು ತಕ್ಕೊಳ್ಳಿಲ್ಲ. ಅಲ್ಲಿ ಗಾಡಿ ಕೆಟ್ಟರೆ ಯಾವ ಮೆಕ್ಯಾನಿಕ್‌ಗೆ ವೀಸಾ ಕೊಡಿಸುದು ಹೇಳಿ."

ರಾಬರ್ಟ್ ಇನ್ನೊಂದು ಸಂಗತಿ ಹೇಳಿದ. ಕಾರು ಯಾರ ಕೈಯಲ್ಲಿ ಒಳಗೆ ಹೋಯಿತೋ ಅವನ ಹೆಸರಿಗೆ ಆಚೆಯವರು ಅದನ್ನು ಬರೆದುಕೊಳ್ಳುತ್ತಾರೆ. ಹೊರಗೆ ಬರುವಾಗ ಅವನೂ ಆ ಕಾರೂ ಜೊತೆಯಾಗಿಯೇ ಬರಬೇಕು. ಕಾರನ್ನು ಅಲ್ಲಿ ಬಿಟ್ಟು ಅವನು ಬೇರೆ ದಾರಿಯಿಂದ ಬರಲಾಗದು. "ಹೆಂಡತಿಯನ್ನು ಬಿಟ್ಟು ಬಂದ್ರೂ ಕೇಳುವವರಿಲ್ಲ, ಕಾರು ಬಿಟ್ಟು ಬಂದ್ರೆ ಬಿಡ್ಲಿಕ್ಕಿಲ್ಲ" ಎಂದು ನಕ್ಕ. ಅಜಿತ ನಗಲಿಲ್ಲ. ಸುಮತಿಯ ದಿನಗಳು ಹತ್ತಿರವಾಗುತ್ತಿದ್ದವು. ಮುಂದಿನ ವಾರದ ಸರದಿ ಅವನದಾಗಿತ್ತು.

ಹಿಂದಿರುಗುವಾಗ ಬಾಯಾರಿತು. ಆ ನಾಡಿನ ಒಂದು ಪದ್ಧತಿ ನನ್ನ ಮನಸ್ಸನ್ನು ತುಂಬಿತು: ಸ್ಥಿತಿವಂತರು ತಮ್ಮ ಮನೆಯ ಹೊರಗೋಡೆಗೆ ತಣ್ಣೀರಿನ ನಲ್ಲಿ ಇಡಿಸುತ್ತಾರೆ, ತೀರಿಹೋದ ತಂದೆತಾಯಿಯರ ಹೆಸರಿನಲ್ಲಿ. ಯಾರು ಬೇಕಾದರೂ ಕುಡಿಯಬಹುದು. ನಮ್ಮಲ್ಲಿ ಅರವಟ್ಟಿಗೆ ಬೇಸಿಗೆಗೆ ಮಾತ್ರ. ಅಲ್ಲಿ ಅದು ಹನ್ನೆರಡು ತಿಂಗಳೂ ಉಂಟು. ಅಂತಹ ಒಂದು ನಲ್ಲಿಯ ಬಳಿ ಇಳಿದು, ನಮ್ಮ ಆಚಾರದಂತೆ, ಬಿಳಿಯ ಬಟ್ಟೆಯಲ್ಲಿ ನೀರು ಸೋಸತೊಡಗಿದೆ. ಮನೆಯ ಯಜಮಾನ ಬಾಗಿಲಲ್ಲಿ ನಿಂತು ನೋಡಿದ. ಮುಖ ಸಪ್ಪಗಾಯಿತು. ಒಳಗೆ ಹೋಗಿ ಆಳನ್ನು ಕೂಗಿದ. ಆಳು ಬಂದು ನಲ್ಲಿಯನ್ನು ಬಿಚ್ಚಿ ಉಜ್ಜಲು ಆರಂಭಿಸಿದಾಗಲೇ, ನೀರಿನಲ್ಲಿ ಕಸವಿದೆಯೆಂದು ಯಜಮಾನ ತಿಳಿದುಕೊಂಡಿದ್ದಾನೆಂದು ನಮಗೆ ಹೊಳೆದದ್ದು. ಹಮೀದ್ ಓಡಿಹೋಗಿ ಅರಬ್ಬಿಯಲ್ಲಿ ವಿವರಿಸಿದ. ಯಜಮಾನ ಏನನ್ನೋ ಕೇಳಿದ.

"ನನ್ನ ತಂದೆಗಾಗಿ ನಾನು ಈ ನೀರು ಇಟ್ಟಿದ್ದೇನೆ, ನೀವು ಯಾರಿಗಾಗಿ ಸೋಸುದು ಅಂತ ಕೇಳ್ತಾರೆ" ಎಂದ ಹಮೀದ್.

"ಅದರಲ್ಲಿರಬಹುದಾದ ಕಣ್ಣಿಗೆ ಕಾಣದ ಜೀವಿಗಳಿಗಾಗಿ ಎಂದು ಹೇಳು."

ಆ ಗೃಹಸ್ಥ ಎದೆಯ ಮೇಲೆ ಬಲಗೈ ಇಟ್ಟು, ತಲೆ ಬಾಗಿಸಿದ. ಆಳನ್ನು ಕಳುಹಿಸಿ, ನಾನು ಸೋಸುವವರೆಗೂ ಬಟ್ಟೆಯ ಒಂದು ಅಂಚನ್ನು ತಾನೇ ಹಿಡಿದು ನಿಂತ.

ನುವೈಸೀಬಿನ ಈಚೆ

ಇನ್ನೊಂದು ರಜೆಯ ದಿನ ಗಡಿಯನ್ನು ತೋರಿಸುವುದಾಗಿ ಅಜಿತ ಹೇಳಿದ; ಉಳಿದಿಬ್ಬರೂ ಜೊತೆಗೆ ಬಂದರು. ನುವೈಸೀಬ್ ಎಂಬುದು ಕುವೈತಿನ ಕೊನೆಯ ಠಾಣೆ. ದಾರಿಯ ಎಡಕ್ಕೆ ಸಮುದ್ರ, ಬಲಕ್ಕೆ ಬಯಲು. ಬಯಲಿನಲ್ಲಿ ಒಂಟೆಗಳು ನಮ್ಮ ದನಗಳಂತೆಯೇ, ವಾಹನ ಬಂದರೆ ಬರಲಿ ಎಂಬ ಭಾವದಲ್ಲಿ ನಿಂತಿರುತ್ತವೆ.

ಶ್ರಾವಕರಾದ ನಮ್ಮ ಜೈನ ಗೃಹಸ್ಥರಿಗೆ ದೇಶವ್ರತವೆಂಬುದೊಂದು ಉಂಟು. ಇಂದು ಇಂತಹ ಎಲ್ಲೆಯನ್ನು ಮೀರಿ ಹೋಗೆನು ಎಂದು ಬೆಳಿಗ್ಗೆಯೇ ಸಂಕಲ್ಪ ಮಾಡಿಕೊಳ್ಳುವುದು. ಆ ಎಲ್ಲೆಯಾಚೆಗಿನ ಆಸೆಯನ್ನೂ ಹಿಂಸೆಯನ್ನೂ ಆ ದಿನದ ಮಟ್ಟಿಗೆ ಬಿಟ್ಟಂತೆ. ಅಂದಿನ ನನ್ನ ಎಲ್ಲೆ ಠಾಣೆಗೆ ಮುಂಚಿನ ಪೆಟ್ರೋಲ್ ಬಂಕು. ಅಲ್ಲಿ ನಿಂತು, ಇನ್ನು ಒಂದು ಹೆಜ್ಜೆಯೂ ಮುಂದಿಡೆನೆಂದೆ.

ಹಮೀದನಿಗೆ ನಗು ತಡೆಯಲಾಗಲಿಲ್ಲ. "ನಮ್ಮನ್ನು ನಿಲ್ಲಿಸ್ಲಿಕ್ಕೆ ಎರಡು ಸರ್ಕಾರ ಬೇಕು. ನಿಮಗೆ ನೀವೇ ಚೆಕ್‌ಪೋಸ್ಟು!"

ಬಂಕಿನ ನೆರಳಿನಲ್ಲಿ ಚಹ ಕುಡಿಯುತ್ತ ಮೂವರೂ ತಮ್ಮ ಅನುಭವ ಹೇಳಿದರು. ನೆನಪಿರುವುದನ್ನು ಬರೆಯುತ್ತೇನೆ. ದಿನಕ್ಕೆ ನಾಲ್ಕು ಮುದ್ರೆ ಬೀಳುವುದರಿಂದ ಪಾಸ್‌ಪೋರ್ಟಿನ ಹಾಳೆ ಬಹು ಬೇಗ ಮುಗಿಯುತ್ತದೆ. ಹೆಚ್ಚು ಹಾಳೆಯದನ್ನೇ ಕೇಳಿ ಮಾಡಿಸಿಕೊಳ್ಳಬೇಕು, ಕೊನೆಯ ಹಾಳೆಯವರೆಗೆ ಕಾಯಬಾರದು. ಮುದ್ರೆ ಬಿತ್ತೇ ಎಂದು ಕಿಟಕಿಯ ಮುಂದೆಯೇ ನೋಡಿಕೊಳ್ಳಬೇಕು. ಒಂದು ಬೀಳದಿದ್ದರೆ ಬಂದವನು ಬರಲೇ ಇಲ್ಲವೆಂದಾಗುತ್ತದೆ. ಯಾರು ಎಷ್ಟೇ ಬೇಡಿಕೊಂಡರೂ ಪರರ ಕಟ್ಟನ್ನು ಒಯ್ಯಬಾರದು. ಔಷಧಿಯಿದ್ದರೆ ವೈದ್ಯರ ಚೀಟಿ ಜೊತೆಗಿರಬೇಕು. ಕಾರಿನ ವಿಮೆ ಆಚೆಯ ದೇಶಕ್ಕೂ ಸಲ್ಲುವಂತಿರಬೇಕು. ಕೆಲಸದ ಜಾಗದ ದೂರವಾಣಿ ಸಂಖ್ಯೆಯನ್ನು ಮನೆಯ ಗೋಡೆಗೆ ಅಂಟಿಸಿರಬೇಕು, ಏಕೆಂದರೆ ಈಚೆಯ ಮೊಬೈಲು ಆಚೆ ಸಿಕ್ಕರೆ ಸಿಕ್ಕಿತು.

"ಮತ್ತೆ ದೊಡ್ಡದೊಂದು ಉಂಟು" ಎಂದ ರಾಬರ್ಟ್. "ಕಿಟಕಿಯಲ್ಲಿ ಕೂತವನೂ ಮನುಷ್ಯನೇ. ಸಲಾಂ ಹೇಳಿ, ಹೇಗಿದ್ದೀರಿ ಕೇಳಿ. ಗಡಿಬಿಡಿ ತೋರಿಸ್ಬೇಡಿ. ಗಡಿಬಿಡಿ ಕಂಡ್ರೆ ಅವರಿಗೆ ಡೌಟು ಬರ್ತದೆ."

ನಾನು ಅಳಿಯನ ರಕ್ಷೆಗೆಂದು ಕಾರಿನ ಕನ್ನಡಿಗೆ ಕಟ್ಟಿದ್ದ ಮಂತ್ರಿಸಿದ ದಾರವನ್ನು ಅವನು ದಿನವೂ ಬಿಚ್ಚಿ ಮನೆಯ ದೇವರ ಮುಂದಿಟ್ಟು ಹೋಗುತ್ತಿದ್ದನೆಂದು ಆ ದಿನ ತಿಳಿಯಿತು. "ಕೇಳಿದರೆ ವಿವರಿಸುತ್ತ ನಿಲ್ಲಬೇಕು ಮಾವ, ಬೇಸರ ಮಾಡ್ಬೇಡಿ" ಎಂದ. ಬೇಸರವಾಗಲಿಲ್ಲ. ದೇವರ ಮುಂದಿದ್ದದ್ದು ಅವನ ಕಾರಿನಲ್ಲಿದ್ದಂತೆಯೇ.

ಆಸ್ಪತ್ರೆಯ ಮೊಗಸಾಲೆ

ಬಕ್ರೀದ್ ಹಬ್ಬ ಸಮೀಪಿಸಿತ್ತು. ಅಜಿತನ ಕಾರಿನ ವಾರ. ಮಧ್ಯಾಹ್ನದ ಊಟ ಮುಗಿಸಿ ಎದ್ದ ಸುಮತಿ ಗೋಡೆ ಹಿಡಿದು ನಿಂತಳು. ದಿನ ತುಂಬಲು ಇನ್ನೂ ಎರಡು ವಾರ ಇತ್ತು. ನಾನು ಎದುರು ಮನೆಯ ಬಾಗಿಲು ತಟ್ಟಿದೆ. ದೈವಕೃಪೆಯಿಂದ ಲಿಲ್ಲಿಗೆ ಅಂದು ರಜೆ. ಆಕೆ ಒಂದು ನೋಟ ನೋಡಿ ಟ್ಯಾಕ್ಸಿ ಕರೆಸಿದಳು. ಗೋಡೆಯ ಸಂಖ್ಯೆ ನೋಡಿ ಖಫ್ಜಿಗೆ ಫೋನು ಮಾಡಿದಳು.

ಅಂದಿನ ನನ್ನ ಎಲ್ಲೆ ಬೀದಿಯ ಮೂಲೆಯ ಕಿರಾಣಿ ಅಂಗಡಿಯಾಗಿತ್ತು. ಟ್ಯಾಕ್ಸಿಯ ಬಾಗಿಲಲ್ಲಿ ಅರೆಗಳಿಗೆ ನಿಂತೆ. ಲಿಲ್ಲಿಗೆ ವಿಷಯ ಗೊತ್ತಿತ್ತು. "ಪಂಡಿತರೇ, ನೀವು ಬರದಿದ್ರೆ ಇವಳು ಯಾರ ಕೈ ಹಿಡಿಯುವುದು? ದೇವರಿಗೆ ನಾನು ಹೇಳ್ತೇನೆ, ಹತ್ತಿ" ಎಂದಳು. ಹತ್ತಿದೆ. ಅದಕ್ಕಾಗಿ ಮರುದಿನ ಉಪವಾಸವಿದ್ದೆ. ಆ ಉಪವಾಸದಷ್ಟು ಹಗುರವಾದ ಉಪವಾಸ ನನಗೆ ನೆನಪಿಲ್ಲ.

ವೈದ್ಯೆ ಪರೀಕ್ಷಿಸಿ, ಮಗುವಿನ ಎದೆಬಡಿತ ಬಳಲುತ್ತಿದೆ, ಶಸ್ತ್ರಚಿಕಿತ್ಸೆ ಬೇಕಾಗಬಹುದು ಎಂದರು. ಪತಿಯ ಒಪ್ಪಿಗೆ ಬೇಕು. ಕಾಯಬಹುದಾದಷ್ಟು ಕಾಯುತ್ತೇವೆ, ತೀರ ತುರ್ತಾದರೆ ಯಾರಿಗಾಗಿಯೂ ಕಾಯುವುದಿಲ್ಲ ಎಂದು ಸೌಜನ್ಯದಿಂದಲೇ ತಿಳಿಸಿದರು. ಲಿಲ್ಲಿ ಅದನ್ನು ನನಗೆ ಕನ್ನಡದಲ್ಲಿ ಹೇಳುವಾಗ ಸುಮತಿ ನಮ್ಮಿಬ್ಬರ ಮುಖಗಳನ್ನು ನೋಡುತ್ತಿದ್ದಳು.

"ಅಪ್ಪಾ, ಅವರು ಹೊರಟ್ರಾ?"

"ಹೊರಟಿದ್ದಾನೆ ಮಗಳೇ" ಎಂದೆ. ಹೊರಟನೋ ಇಲ್ಲವೋ ನನಗೆ ತಿಳಿದಿರಲಿಲ್ಲ.

ಮೊಗಸಾಲೆಯ ಬೆಂಚಿನಲ್ಲಿ ಕುಳಿತು ಪಂಚನಮಸ್ಕಾರವನ್ನು ಜಪಿಸತೊಡಗಿದೆ. ಕಿಟಕಿಯ ಬಿಸಿಲು ಹಳದಿಯಾಯಿತು, ಕೆಂಪಾಗತೊಡಗಿತು. ಲಿಲ್ಲಿ ಎಲ್ಲಿಗೋ ಹೋಗಿ ಏದುಸಿರು ಬಿಡುತ್ತ ಬಂದಳು. ಕೈಯಲ್ಲಿ ನನ್ನ ಆ ಪಾತ್ರೆ. ಟ್ಯಾಕ್ಸಿ ಹಿಡಿದು ಮನೆಗೆ ಹೋಗಿ ಅನ್ನ, ತೊವ್ವೆ ಮಾಡಿ ತಂದಿದ್ದಳು. "ಸೂರ್ಯ ಮುಳುಗ್ಲಿಕ್ಕೆ ಆಯ್ತು. ಬೇಗ ಉಣ್ಣಿ. ನೀವೂ ಬಿದ್ರೆ ನಾನು ಎಷ್ಟು ಜನರನ್ನು ನೋಡುವುದು?" ನನ್ನ ನಿಯಮವನ್ನು ನಾನೇ ಮರೆತಿದ್ದ ಹೊತ್ತಿನಲ್ಲಿ ಅದನ್ನು ಬೇರೊಂದು ಧರ್ಮದ ಹೆಣ್ಣುಮಗಳು ನೆನಪಿಟ್ಟುಕೊಂಡಿದ್ದಳು. ಉಂಡೆ. ಒಂದು ಅಗುಳನ್ನೂ ಬಿಡಲಿಲ್ಲ.

ಅದೇ ವೇಳೆಗೆ ವೈದ್ಯೆ ಹೊರಬಂದು, ಇನ್ನು ಹೆಚ್ಚು ಹೊತ್ತು ತಡೆಯಲಾಗದೆಂದರು.

ಗಡಿಯ ಸಾಲು

ಆ ಅಪರಾಹ್ನ ಆಚೆಯಲ್ಲಿ ನಡೆದದ್ದನ್ನು ರಾಬರ್ಟ್ ಅನಂತರ ನನಗೆ ಹೇಳಿದ. ಅವನ ಮಾತಿನಿಂದ ಇಲ್ಲಿ ಜೋಡಿಸುತ್ತಿದ್ದೇನೆ.

ಫೋನು ಬಂದಾಗ ಮೂವರೂ ಒಂದು ಪಂಪನ್ನು ಬಿಚ್ಚಿ ಹರಡಿದ್ದರು. ಸಂಜೆಯೊಳಗೆ ಅದನ್ನು ಜೋಡಿಸಿ ಕೊಡಬೇಕಿತ್ತು. ಆಗಲೇ ಕುವೈತಿಗೆ ಹೊರಟಿದ್ದ ಒಬ್ಬ ಎಂಜಿನಿಯರ್ ತನ್ನ ಕಾರಿನಲ್ಲಿ ಬಾ ಎಂದು ಅಜಿತನನ್ನು ಕರೆದ. ಹೋಗುವಂತಿಲ್ಲ: ಅಜಿತನ ಕಾರು ಅವನ ಹೆಸರಿಗೆ ಒಳಗೆ ಬಂದಿತ್ತು. ತನ್ನ ಕಾರಿನಲ್ಲೇ ಹೊರಟರೆ ಉಳಿದಿಬ್ಬರಿಗೆ ಸಂಜೆ ಮರಳುವ ದಾರಿಯಿಲ್ಲ.

"ನೀವು ಹೇಗೆ ಬರ್ತೀರಿ?" ಎಂದನಂತೆ ಅಜಿತ, ಕಾರಿನ ಕೀಲಿ ಕೈಯಲ್ಲಿ ಹಿಡಿದು.

"ನಾವೆಂತ ಸಣ್ಣ ಮಕ್ಕಳಾ? ಇಲ್ಲೇ ಮಲಗ್ತೇವೆ. ನೀನು ಹೋಗು ಮಾರಾಯ!" ಎಂದ ರಾಬರ್ಟ್.

"ಅಜಿತಾ, ಅವನ ಗೊರಕೆಗೆ ನಾನೊಬ್ಬ ಬಲಿ ಆಗ್ತೇನೆ, ತೊಂದರೆ ಇಲ್ಲ. ಯಲ್ಲಾ, ಹೋಗು" ಎಂದ ಹಮೀದ್.

ಅಜಿತ ಹೊರಡಲು ತಿರುಗಿದ. ಕೀಲಿ ಅವನ ಕೈಯಿಂದ ಬಿತ್ತು. ಎತ್ತಿಕೊಂಡ, ಮತ್ತೆ ಬಿತ್ತು. ಇದನ್ನು ದೂರದಿಂದ ನೋಡುತ್ತಿದ್ದ ಫೋರ್ಮನ್, ಖಫ್ಜಿಯವನೇ ಆದ ಒಬ್ಬ ನರೆಗಡ್ಡದ ಅರಬ, ಹತ್ತಿರ ಬಂದು ಹಮೀದನನ್ನು ಗದರಿದ: ಕೈ ನಡುಗುವವನನ್ನು ಒಬ್ಬನೇ ಕಳಿಸುತ್ತೀರಾ? ಹಮೀದ್ ಪಂಪಿನ ಕಡೆಗೆ ನೋಡಿದ. ಮುದುಕ ತೋಳು ಮಡಚಿದ, ಸ್ಪ್ಯಾನರ್ ಎತ್ತಿಕೊಂಡ. "ನೀವೆಲ್ಲ ಹುಟ್ಟುವ ಮೊದಲು ಇದನ್ನು ಯಾರು ಜೋಡಿಸ್ತಿದ್ದರು? ಖಲಾಸ್. ಮೂವರೂ ಹೋಗಿ."

ಠಾಣೆಯ ಹತ್ತಿರದವರೆಗೆ ರಾಬರ್ಟ್ ಕಾರು ನಡೆಸಿದ. ಕಿಟಕಿಯಲ್ಲಿ ಮಾತ್ರ ಅಜಿತನೇ ಚಾಲಕನ ಸ್ಥಾನದಲ್ಲಿರಬೇಕು; ಆದ್ದರಿಂದ ಸಾಲು ಕಂಡೊಡನೆ ಸ್ಥಳ ಬದಲಾಯಿಸಿದರು. ಆದರೆ ಸಾಲು! ಹಬ್ಬದ ಖರೀದಿಗೆಂದು ಸಂಸಾರ ಸಮೇತ ಕುವೈತಿಗೆ ಹೊರಟವರ ಕಾರುಗಳು ಕಣ್ಣು ಹಾಯುವವರೆಗೆ ನಿಂತಿದ್ದವು.

"ಎಂತ ಮಾಡುವುದು ಗೊತ್ತಾಗ್ಲಿಲ್ಲ ಪಂಡಿತರೇ" ಎಂದ ರಾಬರ್ಟ್. "ಅಜಿತ ಸ್ಟಿಯರಿಂಗ್ ಮೇಲೆ ತಲೆ ಇಟ್ಟ. ಆಗ ಈ ಹಮೀದ್ ಟೋಪಿ ಸರಿ ಮಾಡಿ ಇಳಿದ."

ಹಮೀದ್ ಮುಂದಿನ ಕಾರಿನ ಗಾಜು ತಟ್ಟಿ, ಸಲಾಂ ಹೇಳಿ, ಅವಸರ ತೋರದೆ ಮಾತನಾಡಿದ: ಹಿಂದಿನ ಕಾರಿನಲ್ಲಿರುವವನ ಹೆಂಡತಿ ಹೆರಿಗೆಗೆ ಮಲಗಿದ್ದಾಳೆ, ಒಂದು ಮಗುವನ್ನು ಈಗಾಗಲೇ ಕಳೆದುಕೊಂಡವಳು. ಕಾರು ನಡೆಸುತ್ತಿದ್ದವನು ಹಿಂದುಮುಂದು ನೋಡಿದ. ಹಿಂಬದಿಯಲ್ಲಿ ಕುಳಿತಿದ್ದ ಅವನ ವೃದ್ಧೆ ತಾಯಿ ಮಗನ ಹೆಗಲಿಗೆ ಒಂದು ಏಟು ಕೊಟ್ಟಳು. ಕಾರು ಮರಳಿಗೆ ಇಳಿಯಿತು. ಹಮೀದ್ ಇನ್ನೊಂದು ಗಾಜು ತಟ್ಟಿದ, ಅದೂ ಇಳಿಯಿತು. ಮೂರನೆಯದಕ್ಕೆ ಹೇಳಬೇಕಾಗಲಿಲ್ಲ, ಸುದ್ದಿ ಅವನಿಗಿಂತ ಮುಂದೆ ಓಡಿತ್ತು. ಮಕ್ಕಳು ಗಾಜಿಗೆ ಮುಖ ಒತ್ತಿ ನೋಡುತ್ತಿದ್ದಂತೆ, ಒಂದರ ಹಿಂದೆ ಒಂದು ಕಾರು ಪಕ್ಕಕ್ಕೆ ಸರಿದು, ನಡುವೆ ದಾರಿ ತೆರೆಯಿತು.

ಸೌದಿಯ ಕಿಟಕಿಯ ಅಧಿಕಾರಿ ಮುದ್ರೆ ಒತ್ತಿದ. ಅಜಿತ ಪಾಸ್‌ಪೋರ್ಟು ಕಸಿದುಕೊಂಡು ಹೊರಡುವವನಿದ್ದ. "ನಿಲ್ಲು!" ಎಂದು ಅಧಿಕಾರಿ ಗದರಿದನಂತೆ. ಕಾರಿನ ಕಾಗದಕ್ಕೆ ಮುದ್ರೆ ಬಿದ್ದಿರಲಿಲ್ಲ. ಅದಿಲ್ಲದೆ ಹೋಗಿದ್ದರೆ ಮುಂದಿನ ತಪಾಸಣೆಯವರು ಹಿಂದಕ್ಕೆ ಕಳುಹಿಸುತ್ತಿದ್ದರು. ಅಧಿಕಾರಿ ಅದನ್ನೂ ಒತ್ತಿಕೊಟ್ಟು, "ಈಗ ಹೋಗು, ದೇವರು ಸುಖವಾಗಿ ಬಿಡಿಸಲಿ" ಎಂದ. ಕುವೈತಿನ ಕಿಟಕಿಯಲ್ಲಿ ತಡವಾಗಲಿಲ್ಲ.

ಇತ್ತ ಆಸ್ಪತ್ರೆಯಲ್ಲಿ ನಾನು ಕೈ ತೊಳೆದು ಬೆಂಚಿಗೆ ಮರಳುವಾಗ ಸುಮತಿಯನ್ನು ಗಾಲಿಮಂಚದ ಮೇಲೆ ಹೊರತಂದರು. ಮೊಗಸಾಲೆಯ ಆ ತುದಿಯಲ್ಲಿ ಓಡುವ ಹೆಜ್ಜೆಗಳು ಕೇಳಿದವು. ಅಜಿತ, ಅವನ ಬೆನ್ನಿಗೆ ಉಳಿದಿಬ್ಬರು, ಮೂವರೂ ಕೆಲಸದ ಬಟ್ಟೆಯಲ್ಲೇ. ಅವನ ಕೈಯ ಎಣ್ಣೆಮಸಿ ಕಂಡು ದಾದಿ ತಡೆದಳು. ಲಿಲ್ಲಿ ತನ್ನ ದುಪಟ್ಟದ ಅಂಚಿನಿಂದಲೇ ಅವನ ಬಲಗೈಯನ್ನು ಉಜ್ಜಿ ಉಜ್ಜಿ ಒರಸಿದಳು. ಆ ಕೈಯಿಂದ ಅವನು ಮೊದಲು ರುಜು ಹಾಕಿದ, ಆಮೇಲೆ ಸುಮತಿಯ ಕೈ ಹಿಡಿದ.

ಅವಳು ಅವನನ್ನು ನೋಡಿದಳು. ಅವನ ಹಿಂದೆ ನೋಡಿದಳು. "ಇವರನ್ನೆಲ್ಲ ಕೆಲಸ ಬಿಡಿಸಿ ಕರ್ಕೊಂಡು ಬಂದ್ರಾ? ಎಂತಾದ್ರೂ ತಿಂದಿದ್ದಾರಾ ಅವರು?"

"ನಮ್ಮ ಊಟ ಆಮೇಲೆ ಮಾಡುವ ಮಾರಾಯ್ತಿ, ನೀನು ಮೊದಲು ಒಳಗೆ ಹೋಗು!" ಎಂದ ರಾಬರ್ಟ್. ಎಲ್ಲರೂ ನಕ್ಕರು. ಮಗಳು ನಗುತ್ತಲೇ ಒಳಗೆ ಹೋದಳು. ಮಗುವಿನ ಅಳು ಕೇಳಿದಾಗ ಮೊದಲು ಅತ್ತವನು ಹಮೀದ್. ಅಜಿತನಿಗೆ ಅದು ತನ್ನ ಮಗುವೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಮರುದಿನದ ಬೆಳಗು

ಮಾರನೆಯ ದಿನ ನಸುಕಿನಲ್ಲಿ ಕೆಳಗೆ ಕಾರಿನ ಸದ್ದಾಯಿತು. ರಾಬರ್ಟ್ ತನ್ನ ಕಾರನ್ನು ಹೊರಗೆಳೆದಿದ್ದ, ಹಮೀದ್ ಪಕ್ಕದಲ್ಲಿ. ಎಂದಿಗಿಂತ ಬೇಗ ಹೊರಟಿದ್ದರು, ಆ ವೃದ್ಧ ಫೋರ್ಮನ್ ಬರುವುದಕ್ಕೆ ಮೊದಲೇ ತಲುಪಿ ಅವನ ಪಾಲಿನ ಕೆಲಸವನ್ನೂ ಮಾಡಿಡುವುದಕ್ಕಾಗಿ. ನಾನು ಅಕ್ಷತೆ ಹಿಡಿದು ಮೆಟ್ಟಿಲಿಳಿದೆ. ಇಬ್ಬರೂ ಕಾರಿನಿಂದಿಳಿದು ತಲೆ ಬಾಗಿಸಿದರು.

"ಪಂಡಿತ್ರೇ, ಕ್ಯೂ ಆಗ್ತದೆ" ಎಂದ ಹಮೀದ್, ತಲೆ ಎತ್ತದೆಯೇ. "ಸಂಸ್ಕೃತದ್ದು ಉದ್ದ ಬೇಡ. ಕನ್ನಡದಲ್ಲಿ ಸಣ್ಣದೊಂದು ಕೊಡಿ."

ಬಾಲ್ಯದಿಂದ ಕಲಿತ ಆಶೀರ್ವಚನಗಳನ್ನೆಲ್ಲ ಬದಿಗಿರಿಸಿದೆ. "ಹೋದ ಹಾಗೆಯೇ ಬನ್ನಿ" ಎಂದೆ.

ಆ ನುಡಿಯನ್ನೇ ಈಗ ಎಲ್ಲರಿಗೂ ಹಂಚುತ್ತೇನೆ. ಗೋಡೆಯ ಹೊರಗೆ ನೀರಿಟ್ಟ ಗೃಹಸ್ಥನಿಗೆ, ಅವನ ತಂದೆಯ ಆತ್ಮಕ್ಕೆ ಶಾಂತಿಯಾಗಲಿ. ಸ್ಪ್ಯಾನರ್ ಹಿಡಿದ ಹಿರಿಯನ ಕೈಗಳು ನೋಯದಿರಲಿ. ಮಗನ ಹೆಗಲಿಗೆ ಏಟು ಕೊಟ್ಟ ತಾಯಿ ಮೊಮ್ಮಕ್ಕಳ ಮಕ್ಕಳನ್ನು ಕಾಣಲಿ. ಮರಳಿಗಿಳಿದ ಕಾರುಗಳಲ್ಲಿದ್ದವರ ಹೆಸರು ನನಗೆ ತಿಳಿಯದು. ಅವರ ಮನೆಗಳಲ್ಲಿ ತೊಟ್ಟಿಲು ಬರಿದಾಗದಿರಲಿ. ಕಾಯಬಹುದಾದಷ್ಟು ಕಾದ ವೈದ್ಯೆಗೆ, ಎರಡನೆಯ ಮುದ್ರೆಗಾಗಿ ತಡೆದು ನಿಲ್ಲಿಸಿದ ಅಧಿಕಾರಿಗೆ, ಲಿಲ್ಲಿಗೆ, ರಾಬರ್ಟನಿಗೆ, ಹಮೀದನಿಗೆ ಆಯುರಾರೋಗ್ಯಗಳು ಒದಗಲಿ. ಅನ್ನಕ್ಕಾಗಿ ದಿನವೂ ಎಲ್ಲೆ ದಾಟುವವರು, ಅವರು ಯಾವ ದೇಶದವರೇ ಆಗಲಿ, ಬೆಳಿಗ್ಗೆ ಹೋದ ಹಾಗೆಯೇ ಸಂಜೆ ತಮ್ಮವರ ಬಳಿಗೆ ಬಂದು ಸೇರಲಿ.